ಹಾಡಿದರೆ ಮಾತ್ರ ನಮ್ಮ ಕಡೆ ತಿರುಗುತ್ತಾನೆ: ಮ್ಯೂಸಿಕ್ ಥೆರಪಿ, ಆರ್ಟ್ ಥೆರಪಿ ಕೊಡಿಸಿದವರು ಹೇಳಿ

ಹಿರಿಯೂರಿನಿಂದ ಒಬ್ಬ ತಾಯಿ ಕೇಳಿದ್ದು

ನನ್ನ ಮಗನಿಗೆ ಐದು ವರ್ಷ. ಕಳೆದ ವರ್ಷ ಆಟಿಸಂ ಅಂತ ಹೇಳಿದರು. ಹತ್ತು ಹನ್ನೆರಡು ಪದ ಹೇಳುತ್ತಾನೆ, ಅದೂ ಮನಸ್ಸು ಬಂದಾಗ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಆದರೆ ನಮ್ಮತ್ತೆ ಹಾಡು ಶುರು ಮಾಡಿದರೆ ಎಲ್ಲಿದ್ದರೂ ಓಡಿ ಬಂದು ಮಡಿಲಲ್ಲಿ ಕೂರುತ್ತಾನೆ. ಡಾಕ್ಟರು ಮ್ಯೂಸಿಕ್ ಥೆರಪಿ, ಆರ್ಟ್ ಥೆರಪಿ ಕೊಡಿಸಿ ನೋಡಿ ಅಂದರು. ಚಿತ್ರದುರ್ಗದಲ್ಲಿ ವಿಚಾರಿಸಿದೆ, ಯಾರಿಗೂ ಗೊತ್ತಿಲ್ಲ. ಬೆಂಗಳೂರಿಗೆ ನೂರ ಅರವತ್ತು ಕಿಲೋಮೀಟರ್. ನಮ್ಮ ಮನೆಯವರ ಸಂಬಳದಲ್ಲಿ ವಾರ ವಾರ ಹೋಗಿಬರುವುದು ಕಷ್ಟ. ಹೋಗಲೇಬೇಕಾ? ಹೋದರೆ ಏನು ಕೇಳಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ದಾವಣಗೆರೆಯಿಂದ ಒಬ್ಬ ತಾಯಿ

ತಂಗಿ, ನನ್ನ ಮಗಳಿಗೆ ಈಗ ಒಂಬತ್ತು. ಅವಳಿಗೆ ಐದಾಗಿದ್ದಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಊರೂರು ಅಲೆದಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಮೊದಲು ಹೋದ ಜಾಗದ ಹೆಸರು ಬೇಡ. ಒಂದು ಹಾಲ್, ಎಂಟು ಮಕ್ಕಳು, ದೊಡ್ಡ ಸ್ಪೀಕರು. ಯಾವ ರಾಗಕ್ಕೆ ಯಾವ ಕಾಯಿಲೆ ವಾಸಿ ಅಂತ ಗೋಡೆ ಮೇಲೆ ಪಟ್ಟಿ ಹಾಕಿದ್ದರು. ನನ್ನ ಮಗಳು ಎರಡೂ ಕಿವಿ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತುಬಿಟ್ಟಳು. ಅಭ್ಯಾಸ ಆಗುತ್ತೆ ಅಂದರು. ಆರು ವಾರ ನಂಬಿಕೊಂಡು ಹೋದೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು ಮಾಡಿದೆ. ಆ ಖರ್ಚು ಹೊಂದಿಸೋಕೆ ಊರಲ್ಲೇ ನಡೆಯುತ್ತಿದ್ದ ಸ್ಪೀಚ್ ಥೆರಪಿ ನಿಲ್ಲಿಸಿದೆ. ನಾಲ್ಕು ತಿಂಗಳು ಹಾಳಾಯಿತು. ಇವತ್ತಿಗೂ ಅದು ನನ್ನನ್ನು ಕೊರೆಯುತ್ತೆ. ನೀವು ಏನೇ ಮಾಡಿ, ಸ್ಪೀಚ್ ಮತ್ತು ಓಟಿ (ಆಕ್ಯುಪೇಷನಲ್ ಥೆರಪಿ, ಕೈಬೆರಳಿನ ಕೆಲಸ, ದಿನನಿತ್ಯದ ಕೆಲಸ ಕಲಿಸುವುದು) ನಿಲ್ಲಿಸಬೇಡಿ.

ಆಮೇಲೆ ಬೆಂಗಳೂರಿನಲ್ಲಿ ಒಬ್ಬರು ಸಿಕ್ಕರು. ಮೊದಲ ದಿನ ಅವರು ವಾದ್ಯ ಮುಟ್ಟಲೇ ಇಲ್ಲ. ಮುಕ್ಕಾಲು ಗಂಟೆ ನನ್ನನ್ನೇ ಕೇಳಿದರು. ಯಾವ ಸದ್ದಿಗೆ ಹೆದರುತ್ತಾಳೆ? ಕುಕ್ಕರ್ ವಿಷಲ್ ಆದರೆ ಏನು ಮಾಡುತ್ತಾಳೆ? ಮನೆಯಲ್ಲಿ ಯಾರ ದನಿ ಇಷ್ಟ? ಮೂರು ತಿಂಗಳಲ್ಲಿ ನಿಮಗೆ ಏನು ಆಗಬೇಕು? ಮಾತು ಬರಬೇಕು ಅಂದೆ. ಅದು ತುಂಬಾ ದೊಡ್ಡದಾಯಿತಮ್ಮ, ಸಣ್ಣದು ಹೇಳಿ ಅಂದರು. ಕೊನೆಗೆ ಎರಡು ಬರೆದುಕೊಂಡರು. ಏನಾದರೂ ಬೇಕಾದಾಗ ನಮ್ಮ ಮುಖ ನೋಡಬೇಕು. ತನ್ನ ಸರದಿಗೆ ಐದು ಎಣಿಸುವಷ್ಟು ಹೊತ್ತು ಕಾಯಬೇಕು. ಅಷ್ಟೇ.

ಎರಡನೇ ಸೆಷನ್‌ನಲ್ಲಿ ಅವಳು ನೆಲ ತಟ್ಟಿದರೆ ಅವರೂ ಹಾಗೇ ತಟ್ಟಿದರು. ಅವಳು ನಿಲ್ಲಿಸಿದರೆ ಅವರೂ ನಿಲ್ಲಿಸಿದರು. ಹೀಗೇ ಎಷ್ಟೋ ಹೊತ್ತು. ಒಂದು ಸಲ ಅವಳು ಬೇಕಂತಲೇ ನಿಲ್ಲಿಸಿ, ಇವರು ಏನು ಮಾಡುತ್ತಾರೆ ಅಂತ ಅವರ ಮುಖ ನೋಡಿದಳು. ನಾನು ಗೋಡೆಗೆ ಒರಗಿ ಕೂತಿದ್ದವಳು ಅತ್ತುಬಿಟ್ಟೆ.

ಅವರು ನನಗೆ ಕಲಿಸಿದ್ದರಲ್ಲಿ ಒಂದನ್ನು ನೀವು ಇವತ್ತೇ ಮಾಡಬಹುದು. ಮಗುವಿಗೆ ಗೊತ್ತಿರುವ ಹಾಡು ಹಾಡಿ, ಸಾಲಿನ ಕೊನೆಯ ಪದ ಬಿಟ್ಟುಬಿಡಿ. ಬಿಟ್ಟು ಸುಮ್ನೆ ಕಾಯಿರಿ. ನಾವು ಎರಡು ಸೆಕೆಂಡಿಗೇ ಬಾಯಿ ಹಾಕಿ ಮುಗಿಸಿಬಿಡುತ್ತೇವೆ, ಅಲ್ವಾ? ಹತ್ತು ಎಣಿಸಿ ಅಂದಿದ್ದರು. ನಾನು ನೀರು ಕೊಡುವಾಗ ಒಂದೇ ಧಾಟಿಯಲ್ಲಿ 'ಪುಟ್ಟಿಗೆ ಏನು ಬೇಕು, ಪುಟ್ಟಿಗೆ ಬೇಕು...' ಅಂತ ಹಾಡಿ ಲೋಟ ಹಿಡಿದು ಕಾಯುತ್ತಿದ್ದೆ. ಹನ್ನೊಂದನೇ ವಾರ 'ನೀಯು' ಅಂದಳು. ಹಾಡಿಲ್ಲದೆ ಬರೀ 'ನೀರು' ಅನ್ನೋಕೆ ಇನ್ನೂ ಎಂಟು ತಿಂಗಳು ಬೇಕಾಯಿತು. ಅದರಲ್ಲಿ ಊರಿನ ಸ್ಪೀಚ್ ಥೆರಪಿಸ್ಟರ ಪಾಲು ದೊಡ್ಡದು. ಆ ಧಾಟಿಯನ್ನು ಅವರಿಗೂ ಹೇಳಿಕೊಟ್ಟಿದ್ದೆ, ಅವರೂ ಹಾಡಿಯೇ ಶುರು ಮಾಡುತ್ತಿದ್ದರು.

ಖರ್ಚಿನ ಲೆಕ್ಕ ಹೇಳುತ್ತೇನೆ. ನಾವು ಹೋದಾಗ ಒಂದು ಸೆಷನ್‌ಗೆ ಸಾವಿರ ರೂಪಾಯಿ. ಇಬ್ಬರ ಟ್ರೈನು, ಆಟೋ, ಊಟ ಬೇರೆ. ಏಳು ತಿಂಗಳು ಹದಿನೈದು ದಿನಕ್ಕೊಮ್ಮೆ ಹೋದೆವು. ಆಮೇಲೆ ತಿಂಗಳಿಗೊಮ್ಮೆ. ನಡುವೆ ಮನೆಯಲ್ಲಿ ಮಾಡಿದ್ದರ ವಿಡಿಯೋ ಕಳಿಸುತ್ತಿದ್ದೆ, ಅವರು ನೋಡಿ ತಿದ್ದುತ್ತಿದ್ದರು. ವಾರ ವಾರ ಹೋಗದಿದ್ದರೂ ನಡೆಯುತ್ತೆ. ಆದರೆ ಒಂದು ಷರತ್ತು. ನೀವು ಒಳಗೆ ಕೂತು ನೋಡೋಕೆ ಬಿಡುತ್ತಾರಾ ಅಂತ ಮೊದಲೇ ಫೋನಲ್ಲಿ ಕೇಳಿ. ಬಿಡಲ್ಲ ಅಂದರೆ ಅಷ್ಟು ದೂರ ಹೋಗಬೇಡಿ. ಬಿಡುತ್ತೇವೆ ಅಂದರೆ ನಿಮ್ಮತ್ತೆಯನ್ನೂ ಕರೆದುಕೊಂಡು ಹೋಗಿ. ನಿಮ್ಮ ಮನೆಯಲ್ಲಿ ಅರ್ಧ ಕೆಲಸ ಅವರು ಆಗಲೇ ಮಾಡುತ್ತಿದ್ದಾರೆ.

ಮೈಸೂರಿನಿಂದ ಒಬ್ಬ ಸ್ಪೆಷಲ್ ಎಜುಕೇಟರ್

ಮೇಲೆ ಅಕ್ಕ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ನಮ್ಮಂಥ ಶಿಕ್ಷಕರು, ಎಲ್ಲರಿಗೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತೆ. ಕೇಳಿದರೆ ತೋರಿಸಬೇಕು. ಮ್ಯೂಸಿಕ್ ಥೆರಪಿಸ್ಟರಿಗೆ ಅಲ್ಲಿ ಅಂಥ ನೋಂದಣಿ ಇಲ್ಲ. ಹಾಗಾಗಿ ಒಂದು ಕೀಬೋರ್ಡು, ಒಂದು ಬೋರ್ಡು ಇದ್ದರೆ ಯಾರು ಬೇಕಾದರೂ ಶುರು ಮಾಡಬಹುದು. ಚೆನ್ನಾಗಿ ಓದಿ ಬಂದವರೂ ಇದ್ದಾರೆ. ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ ಮ್ಯೂಸಿಕ್ ಥೆರಪಿ ಕಲಿಸುತ್ತಾರೆ. ಬೆಂಗಳೂರಿನ ಸ್ನೇಹಧಾರಾ ಫೌಂಡೇಶನ್ ಕಲೆಗಳ ಮೂಲಕವೇ ವಿಶೇಷ ಮಕ್ಕಳ ಜತೆ ಕೆಲಸ ಮಾಡುತ್ತೆ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಮಕ್ಕಳ ಜತೆ ಕೆಲಸ ಮಾಡಿದ್ದೀರಿ, ಗುರಿ ಬರೆದು ಕೊಡುತ್ತೀರಾ, ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಏನು ಮಾಡುತ್ತೀರಿ ಅಂತ ಕೇಳಿ. ಇದಕ್ಕೆ ಸಿಟ್ಟು ಮಾಡಿಕೊಳ್ಳುವವರು ಬೇಡ.

ಇನ್ನೊಂದು, ಆಸೆ ಎಷ್ಟು ಇಟ್ಟುಕೊಳ್ಳಬೇಕು ಅನ್ನೋದು. 2017ರಲ್ಲಿ 9 ದೇಶಗಳ 364 ಮಕ್ಕಳನ್ನು ಸೇರಿಸಿಕೊಂಡ ಒಂದು ದೊಡ್ಡ ಅಧ್ಯಯನ ಬಂತು. 4ರಿಂದ 7 ವರ್ಷದ ಆಟಿಸಂ ಮಕ್ಕಳು, ನಿಮ್ಮ ಮಗನ ವಯಸ್ಸಿನವರೇ. ಐದು ತಿಂಗಳ ಮ್ಯೂಸಿಕ್ ಥೆರಪಿ ಆದಮೇಲೆ ಬೆರೆಯುವ ಗುಣದ ಅಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2022ರಲ್ಲಿ ಕೊಕ್ರೇನ್‌ನವರು (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ) 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಒಟ್ಟಾರೆ ಸುಧಾರಣೆ, ಬದುಕಿನ ನೆಮ್ಮದಿ ಇವುಗಳಲ್ಲಿ ಅನುಕೂಲ ಕಂಡಿತು. ಮಾತಿನ ವಿಷಯದಲ್ಲಿ ಸ್ಪಷ್ಟ ಪುರಾವೆ ಸಿಗಲಿಲ್ಲ. ನಿಮ್ಮನ್ನು ನಿರಾಸೆ ಮಾಡೋಕೆ ಇದನ್ನು ಹೇಳುತ್ತಿಲ್ಲ. ಮಾತು ಬಂದೇ ಬರುತ್ತೆ ಅಂತ ಗ್ಯಾರಂಟಿ ಕೊಟ್ಟು ಮುಂಗಡ ದುಡ್ಡು ಕೇಳುವವರ ಕೈಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಹೇಳುತ್ತಿದ್ದೇನೆ.

ಮಗುವಿನ ಕಿವಿ ಪರೀಕ್ಷೆ, ಮಾತಿನ ಅಸೆಸ್‌ಮೆಂಟ್ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಇಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಇದೆ.

ಶಿರಸಿಯಿಂದ ಒಬ್ಬ ತಂದೆ

ನಮ್ಮ ಮಗನಿಗೆ ಸಂಗೀತ ಹಿಡಿಸಲೇ ಇಲ್ಲ. ತಂಬೂರಿ ಶ್ರುತಿ ಹಾಕಿದರೂ ಎದ್ದು ಹೋಗುತ್ತಿದ್ದ. ಅವನಿಗೆ ಆಗಿಬಂದದ್ದು ಮಣ್ಣು. ಚೌತಿಗೆ ಗಣಪತಿ ಮಾಡುವವರ ಮನೆ ನಮ್ಮ ಪಕ್ಕದಲ್ಲೇ ಇದೆ. ಹದ ಮಾಡಿದ ಮಣ್ಣಿನಲ್ಲಿ ಕೈ ಹಾಕಿ ಕೂತರೆ ಒಂದು ಗಂಟೆ ಅಲುಗಾಡುವುದಿಲ್ಲ. ನಮ್ಮ ಓಟಿ ಥೆರಪಿಸ್ಟ್ ಅದನ್ನೇ ಹಿಡಿದುಕೊಂಡು ಉಂಡೆ ಕಟ್ಟುವುದು, ಚಿವುಟುವುದು, ಹೊಸೆಯುವುದು ಅಂತ ಬೆರಳಿನ ಕೆಲಸ ಕಲಿಸಿದರು. ಈಗ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಮೊದಲು ಚಪಾತಿ ಹಿಟ್ಟು ಕೊಡಿ. ನಿಮ್ಮ ಮಗ ಹಾಡಿಗೆ ಓಡಿ ಬರುತ್ತಾನೆ ಅಂದರೆ ದಾರಿ ಅವನೇ ತೋರಿಸಿದ್ದಾನೆ ಅಕ್ಕ. ನಮಗೆ ಅದು ಗೊತ್ತಾಗೋಕೆ ಎರಡು ವರ್ಷ ಬೇಕಾಯಿತು.

ಹಾಸನದಿಂದ ಒಬ್ಬ ತಂದೆ

ನನ್ನದು ಬೇರೆ ಕಥೆ, ಆದರೂ ಡಾಕ್ಟರು ಆರ್ಟ್ ಥೆರಪಿಯನ್ನೂ ಹೇಳಿದ್ದಾರೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಗನಿಗೆ ಏಳು ವರ್ಷ ಇದ್ದಾಗ ರಕ್ತದ ಕ್ಯಾನ್ಸರ್ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದೆವು. ವಾರಕ್ಕೆ ಎರಡು ದಿನ ಒಬ್ಬ ಮೇಡಂ ಬಣ್ಣ, ಹಾಳೆ ಹಿಡಿದುಕೊಂಡು ವಾರ್ಡಿಗೆ ಬರುತ್ತಿದ್ದರು. ಅವರು ಚಿತ್ರ ಕಲಿಸುತ್ತಿರಲಿಲ್ಲ. ಚೆನ್ನಾಗಿದೆ ಅಂತಲೂ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ತಾವೂ ಏನೋ ಗೀಚುತ್ತಿದ್ದರು. ಒಂದು ದಿನ ಮಗ ಮನೆ ಬಿಡಿಸಿದ, ಬಾಗಿಲೇ ಇಡಲಿಲ್ಲ. ಬಾಗಿಲೆಲ್ಲೋ ಅಂತ ಕೇಳೋಕೆ ಬಾಯಿ ತೆರೆದೆ. ಅವರು ಕಣ್ಣಲ್ಲೇ ಬೇಡ ಅಂದರು. ನಾಲ್ಕು ದಿನ ಬಿಟ್ಟು ಅವನೇ ಹೇಳಿದ, "ಬಾಗಿಲಿದ್ದರೆ ಸೂಜಿ ಚುಚ್ಚೋಕೆ ಬರ್ತಾರೆ." ಅಲ್ಲಿವರೆಗೂ ಅವನು ಸೂಜಿಗೆ ಅಷ್ಟು ಹೆದರುತ್ತಾನೆ ಅಂತ ನಮಗೆ ಗೊತ್ತೇ ಇರಲಿಲ್ಲ. ಅವನು ಅಳುತ್ತಿರಲಿಲ್ಲ. ಆಮೇಲಿಂದ ನರ್ಸ್‌ಗಳು ಚುಚ್ಚುವ ಮೊದಲು ಹೇಳಿ, ಯಾವ ಕೈ ಅಂತ ಅವನನ್ನೇ ಕೇಳಿ ಚುಚ್ಚುತ್ತಿದ್ದರು.

ಡಿಸ್ಚಾರ್ಜ್ ಆಗಿ ಊರಿಗೆ ಬಂದಮೇಲೆ ಅದು ನಿಂತುಹೋಯಿತು. ಡ್ರಾಯಿಂಗ್ ಕ್ಲಾಸಿಗೆ ಸೇರಿಸಿದೆ. ಅಲ್ಲಿ ಆಕಾಶ ನೀಲಿ ಇರಬೇಕು ಅಂತ ತಿದ್ದಿದರು. ಎರಡು ವಾರಕ್ಕೆ ಬಿಟ್ಟ. ಕ್ಲಾಸು ಬೇರೆ, ಥೆರಪಿ ಬೇರೆ ಅಂತ ನನಗೆ ಅರ್ಥ ಆಗಿದ್ದೇ ಆಗ.

ಮೆಲ್ಬರ್ನ್‌ನಿಂದ ಒಬ್ಬ ಕನ್ನಡತಿ

ನಾವು ಇಲ್ಲಿಗೆ ಬಂದು ಎಂಟು ವರ್ಷ. ಮಗಳಿಗೆ ಇಲ್ಲಿನ ಅಂಗವಿಕಲರ ಯೋಜನೆ, ಎನ್‌ಡಿಐಎಸ್‌ನಿಂದ ಮ್ಯೂಸಿಕ್ ಥೆರಪಿ ಸಿಗುತ್ತೆ. ಇಲ್ಲಿ ಎಲ್ಲ ಸಲೀಸು ಅಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ಮ್ಯೂಸಿಕ್, ಆರ್ಟ್ ಥೆರಪಿಗೆ ಗಂಟೆಗೆ 193.99 ಡಾಲರ್ ಇದ್ದ ಮಿತಿಯನ್ನು 67.56ಕ್ಕೆ ಇಳಿಸುತ್ತೇವೆ ಅಂದರು. ಪೋಷಕರು, ಥೆರಪಿಸ್ಟರು ದನಿ ಎತ್ತಿದ ಮೇಲೆ ಅದನ್ನು ಮತ್ತೆ ಪರಿಶೀಲನೆಗೆ ಹಾಕಿದರು. ಆ ತಿಂಗಳುಗಳಲ್ಲಿ ನನ್ನ ಕೈಯಲ್ಲಿದ್ದ ಧೈರ್ಯ ಅಂದರೆ ಥೆರಪಿಸ್ಟ್ ಪ್ರತಿ ಮೂರು ತಿಂಗಳಿಗೆ ಬರೆದ ರಿಪೋರ್ಟುಗಳು. ನೀವೂ ಬರೆಸಿ ಇಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ನೀವೇ ಬರೆದರೂ ಆಯಿತು.

ಚಿತ್ರದುರ್ಗ ಜಿಲ್ಲೆಯ ಒಬ್ಬ ಸಂಪನ್ಮೂಲ ಶಿಕ್ಷಕಿ

ಮೇಡಂ, ನಾನು ಬಿಐಇಆರ್‌ಟಿ, ಅಂದರೆ ವಿಶೇಷ ಮಕ್ಕಳಿಗೆ ಕಲಿಸುವ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕಿ. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಮಕ್ಕಳಿಗೆ ಅಂತಲೇ ನಮ್ಮಂಥವರು ಇರುತ್ತಾರೆ, ತುಂಬಾ ಜನರಿಗೆ ಗೊತ್ತೇ ಇಲ್ಲ. ಹಿರಿಯೂರಿನ ಬಿಆರ್‌ಸಿಗೆ ಹೋಗಿ ಮಗನ ಹೆಸರು ಬರೆಸಿ. ಶಾಲೆಗೆ ಬರಲು ಆಗದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವ ವ್ಯವಸ್ಥೆಯೂ ಇದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ) ಎಲ್ಲಿ ಅಂತ ಕೇಳಿ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನುವ ಮಕ್ಕಳ ಆರೋಗ್ಯ ಯೋಜನೆಯ ಕೇಂದ್ರ ಅದು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ದುಡ್ಡಿಲ್ಲದೆ ನೋಡುತ್ತಾರೆ. ಸ್ಪೀಚ್, ಫಿಸಿಯೋ, ಮನಶ್ಶಾಸ್ತ್ರಜ್ಞರು ಇರಬೇಕು ಅಂತ ನಿಯಮ. ಮ್ಯೂಸಿಕ್ ಥೆರಪಿಸ್ಟ್ ಆ ಪಟ್ಟಿಯಲ್ಲಿ ಇಲ್ಲ. ಇರಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ. ಹಾಡಿಗೆ ಮಾತ್ರ ಓಗೊಡುವ ಮಕ್ಕಳನ್ನು ನಾನು ಹಳ್ಳಿ ಹಳ್ಳಿಯಲ್ಲಿ ನೋಡಿದ್ದೇನೆ. ಅವರ ಅಪ್ಪ ಅಮ್ಮ ಒಂದು ದಿನ ಕೂಲಿ ಬಿಟ್ಟರೆ ಮನೆ ನಡೆಯಲ್ಲ. ಅವರು ಬೆಂಗಳೂರಿಗೆ ಹೇಗೆ ಹೋಗುತ್ತಾರೆ? ತಿಂಗಳಿಗೆ ಎರಡು ದಿನ ಒಬ್ಬ ಥೆರಪಿಸ್ಟ್ ಜಿಲ್ಲೆಗೆ ಬಂದರೂ ಸಾಕು, ಸ್ಪೀಚ್ ಥೆರಪಿಸ್ಟರಿಗೆ, ನಮಗೆ, ತಾಯಂದಿರಿಗೆ ಕಲಿಸಿ ಹೋಗಬಹುದು. ಇದನ್ನು ನಾಲ್ಕೈದು ಪೋಷಕರು ಸೇರಿ ಸಹಿ ಹಾಕಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬರೆದು ಕೊಡಿ. ಒಬ್ಬರೇ ಹೋಗಿ ಬಾಯಲ್ಲಿ ಹೇಳಿದರೆ ಅಲ್ಲೇ ಉಳಿಯುತ್ತೆ. ಅರ್ಜಿ ಬರೆಯೋಕೆ ನಾನು ಸಹಾಯ ಮಾಡುತ್ತೇನೆ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದೀರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಅದರಲ್ಲಿ ಥೆರಪಿಗೂ ಒಂದು ಮಿತಿವರೆಗೆ ಸಿಗುತ್ತೆ. ಬಿಲ್ಲು, ಡಾಕ್ಟರ ಚೀಟಿ ಒಂದೂ ಬಿಸಾಡಬೇಡಿ. ಮ್ಯೂಸಿಕ್ ಥೆರಪಿ ಬಿಲ್ಲನ್ನು ಒಪ್ಪುತ್ತಾರಾ ಅಂತ ಖರ್ಚು ಮಾಡುವ ಮೊದಲೇ ಕೇಳಿಕೊಳ್ಳಿ.

ಹಿರಿಯೂರಿನ ತಾಯಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಿಆರ್‌ಸಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ, ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ. ಸೋಮವಾರ ಹೋಗುತ್ತೇನೆ. ಯುಡಿಐಡಿ ಇನ್ನೂ ಮಾಡಿಸಿಲ್ಲ, ಅದನ್ನೂ ಕೇಳಿಕೊಂಡು ಬರುತ್ತೇನೆ. ದಾವಣಗೆರೆ ಅಕ್ಕ, ನೀವು ಹೇಳಿದ್ದನ್ನು ಅತ್ತೆಗೆ ಓದಿ ಹೇಳಿದೆ. ನಿನ್ನೆ ರಾತ್ರಿ ಸಾಲಿನ ಕೊನೆಯ ಪದ ಬಿಟ್ಟು ಕಾದರು. ಪದ ಬರಲಿಲ್ಲ. ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕಾ?