ಅಪ್‌ಡೇಟ್: ನಮ್ಮ ಬಡಾವಣೆಯ ಕೂಡುರಸ್ತೆಯ ಬಗ್ಗೆ ಸಭೆ ನಡೆಯಿತು

ಮಕ್ಕಳು ಶಾಲೆಗೆ ದಾಟುವ ನಾಲ್ಕು ರಸ್ತೆ ಕೂಡುವಲ್ಲಿ ಹಂಪ್ ಹಾಕಿಸಲು ವಾರ್ಡ್ ಸಭೆಯಲ್ಲಿ ಹೇಗೆ ಮಾತನಾಡಲಿ ಎಂದು ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಹಂಪ್ ಒಂದನ್ನೇ ಹಿಡಿದು ಕೂರಬೇಡಿ, ಮೊದಲು ಆ ಮೂಲೆಯಲ್ಲಿ ನಿಂತು ನೋಡಿ ಎಂದಿದ್ದಿರಿ. ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಮಗಳ ಎತ್ತರಕ್ಕೆ ಮಂಡಿಯೂರಿ ನೋಡಿದಾಗ ರಸ್ತೆಯೇ ಕಾಣಲಿಲ್ಲ. ಮೂಲೆಯಲ್ಲಿ ನಿಲ್ಲಿಸಿದ್ದ ಕಾರಿನ ಬಾಗಿಲು ಮಾತ್ರ ಕಂಡಿತು. ಬರುವ ಬೈಕು ಕಾಣಬೇಕಾದರೆ ಎರಡು ಹೆಜ್ಜೆ ರಸ್ತೆಗೇ ಇಳಿಯಬೇಕು. ಅದೇ ಮಟ್ಟದಲ್ಲಿ ತೆಗೆದ ಫೋಟೊ ಸಭೆಯಲ್ಲಿ ಕೈಯಿಂದ ಕೈಗೆ ಹೋಯಿತು. ಗದ್ದಲ ತಾನಾಗಿ ತಣ್ಣಗಾಯಿತು.

ಹಂಪ್ ಎಂದರೆ ಮನಸ್ಸಿಗೆ ಬಂದಂತೆ ಎಬ್ಬಿಸುವ ದಿಬ್ಬವಲ್ಲ ಎಂದು ಎಂಜಿನಿಯರ್ ಬಿಡಿಸಿ ಹೇಳಿದರು. ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾನದಂಡದ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವ ಲೆಕ್ಕದ್ದು. ಕಡಿದಾದ ದಿಬ್ಬ ಬೆನ್ನು ಮುರಿಯುತ್ತದೆ.

ಮೂಲೆಗಳಲ್ಲಿ ಗಾಡಿ ನಿಲ್ಲಿಸಬಾರದು ಎಂಬ ಮಾತಿಗೆ ಅಲ್ಲಿನ ದಿನಸಿ ಅಂಗಡಿಯವರು ವಿರೋಧಿಸಿದರು. ಗಾಡಿ ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಅವರ ಆತಂಕ ನ್ಯಾಯವಾದದ್ದೇ. ಸಾಮಾನು ಇಳಿಸಲು ಅಡ್ಡರಸ್ತೆಯಲ್ಲಿ ಜಾಗ ಗುರುತಿಸಿದ ಮೇಲೆ ಒಪ್ಪಿದರು.

ಈಗ ನಾಲ್ಕೂ ಮೂಲೆಗಳಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ತಿರುವನ್ನು ಕಿರಿದಾಗಿಸಿ, ಒಂದು ತಿಂಗಳು ಬಣ್ಣ ಮತ್ತು ಕೋನ್‌ಗಳಿಂದ ಪ್ರಯೋಗ. ಆಮೇಲೆ ಕಲ್ಲು ಕಟ್ಟುವ ಮಾತು. ಹಂಪ್ ವಿಷಯ ಅಲ್ಲಿಯವರೆಗೆ ಬಾಕಿ.

ನಿನ್ನೆ ಬಿಳಿ ಗೆರೆ ಎಳೆದರು. ಬೆಳಿಗ್ಗೆ ಒಂದು ಕೋನ್ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಗಿತ್ತು. ಅಂಗಡಿಯವರೇ ಅದನ್ನು ತಟ್ಟಿ ನೆಟ್ಟಗೆ ಮಾಡಿ ಮತ್ತೆ ನಿಲ್ಲಿಸಿದರು.