‘ಬೀನ್ಸ್’ ಎಂದರೆ ಯಾವ ಕಾಳು? ಕ್ಯೂಬಾದ ಹಂದಿಯೂಟದ ಕೆಲವು ಪದಗಳು

ಮಾನ್ಯರೆ,

ಹಲವು ವರ್ಷಗಳಿಂದ ಮಯಾಮಿಯಲ್ಲಿರುವ ನಾನು, ಪಕ್ಕದ ಮನೆಯ ಕ್ಯೂಬನ್ ಅಜ್ಜಿಯಿಂದ ಕಲಿತ ಒಂದು ಊಟದ ವಿಧಾನವನ್ನು ಹಾಸನದಲ್ಲಿರುವ ನನ್ನ ತಂಗಿಗೆ ಕನ್ನಡದಲ್ಲಿ ಬರೆದು ಕಳುಹಿಸಿದೆ. ಹುಳಿರಸದಲ್ಲಿ ರಾತ್ರಿಯಿಡೀ ನೆನೆಸಿ ಓವನ್‌ನಲ್ಲಿ ನಿಧಾನವಾಗಿ ಬೇಯಿಸಿದ ಹಂದಿಯ ಭುಜದ ಮಾಂಸ, ಅದರ ಜೊತೆಗೆ ಅನ್ನ, ಕರಿಯ ಕಾಳು, ಬೇಯಿಸಿದ ಮರಗೆಣಸು, ಇಷ್ಟೇ ಆ ಊಟ. ‘ಬೀನ್ಸ್ ಕಾಲು ಕೆ.ಜಿ., ಹಿಂದಿನ ರಾತ್ರಿಯೇ ನೆನೆಸಿಡುವುದು’ ಎಂದು ನಾನು ಬರೆದಿದ್ದೆ. ಮರುದಿನ ತಂಗಿ ಫೋನ್ ಮಾಡಿ, ‘ಅಣ್ಣ, ನಾರು ತೆಗೆದು ನೆನೆಸಬೇಕೋ, ಇಡಿಯಾಗಿ ನೆನೆಸಬೇಕೋ?’ ಎಂದು ಕೇಳಿದಳು. ತಪ್ಪು ಅವಳದಲ್ಲ. ಆ ಫೋನ್ ಕರೆಯ ನಂತರ ನನ್ನ ಬರವಣಿಗೆಯ ಪ್ರತಿಯೊಂದು ಪದವನ್ನೂ ಮತ್ತೆ ನೋಡಬೇಕಾಯಿತು. ಕೆಲವಕ್ಕೆ ಪರಿಹಾರ ಸಿಕ್ಕಿದೆ, ಕೆಲವಕ್ಕೆ ನಿಮ್ಮ ಸಲಹೆ ಬೇಕಾಗಿದೆ.

ಮೊದಲು ಬೀನ್ಸ್. ಇಂಗ್ಲಿಷಿನಿಂದ ಬಂದ ಈ ಪದ ಕನ್ನಡದ ಅಡುಗೆಮನೆಯಲ್ಲಿ ಹಸಿರು ಕಾಯಿಗೆ, ಅಂದರೆ ಪಲ್ಯಕ್ಕೆ ಹೆಚ್ಚುವ ಹುರುಳಿಕಾಯಿಗೆ, ಗಟ್ಟಿಯಾಗಿ ಅಂಟಿಕೊಂಡಿದೆ. ಒಣಕಾಳಿಗೆ ಅದನ್ನು ಬಳಸುವುದು ‘ಡಬಲ್ ಬೀನ್ಸ್’ನಂತಹ ಕೆಲವೇ ಹೆಸರುಗಳಲ್ಲಿ ಎಂದು ಕಾಣುತ್ತದೆ. ಹಾಗೆಂದು ‘ಕರಿ ಹುರುಳಿ’ ಎಂದು ಬರೆಯೋಣವೆಂದರೆ, ಹುರುಳಿಯಲ್ಲಿಯೇ ಕರಿಯ ಬಣ್ಣದ್ದೊಂದಿದೆ. ಓದಿದವರು ಅದನ್ನೇ ತಂದು ಬೇಯಿಸಿಯಾರು. ಹುರುಳಿಕಾಯಿಯನ್ನು ಎಷ್ಟು ಒಣಗಿಸಿದರೂ ಅದರೊಳಗಿಂದ ಹುರುಳಿ ಬರುವುದಿಲ್ಲ ಎಂಬುದು ಕನ್ನಡ ಕಲಿಯುವವರಿಗೆ ವಿವರಿಸಲು ಕಷ್ಟವಾದ ಸಂಗತಿಗಳಲ್ಲೊಂದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಹಸಿರು ಬೀನ್ಸ್, ಉತ್ತರದವರ ರಾಜ್ಮಾ, ಕ್ಯೂಬಾದ ಕರಿಯ ಕಾಳು ಮೂರೂ ಒಂದೇ ಜಾತಿ, ಫ್ಯಾಸಿಯೋಲಸ್ ವಲ್ಗ್ಯಾರಿಸ್. ಅಮೆರಿಕ ಖಂಡದಲ್ಲಿ ಹುಟ್ಟಿ, ಕೊಲಂಬಸನ ನಂತರ ಉಳಿದ ಲೋಕಕ್ಕೆ ಹರಡಿದ ಬೆಳೆ ಅದು. ಆದ್ದರಿಂದ ಸದ್ಯಕ್ಕೆ ‘ಕರಿ ರಾಜ್ಮಾ’ ಎಂದು ತಿದ್ದಿದ್ದೇನೆ. ಅಂಗಡಿಯವರಿಗೂ ಅದು ತಿಳಿಯುತ್ತದೆ. ‘ತಿಂಗಳವರೆ’ ಎಂಬ ಹಳೆಯ ಹೆಸರು ಇದೇ ಜಾತಿಗೆ ಸಲ್ಲುತ್ತದೆಯಾದರೂ, ಅದನ್ನು ಕೇಳಿ ಕಾಳು ತೂಗಿಕೊಡುವ ಅಂಗಡಿ ಹಾಸನದಲ್ಲಿ ನನ್ನ ತಂಗಿಗೆ ಸಿಗಲಿಲ್ಲ. ನಿಮ್ಮ ಊರುಗಳಲ್ಲಿ ಈ ಪದ ಇನ್ನೂ ಬಳಕೆಯಲ್ಲಿದ್ದರೆ, ಕಾಯಿಗೋ ಕಾಳಿಗೋ ಎಂಬುದನ್ನು ದಯವಿಟ್ಟು ತಿಳಿಸಿ.

ಈ ಗೊಂದಲ ನಮ್ಮದು ಮಾತ್ರವಲ್ಲ. ಸ್ಪ್ಯಾನಿಷಿನ ‘ಅಬಿಚುವೇಲ’ ಪೋರ್ಟೊ ರಿಕೋದಲ್ಲಿ ಒಣಕಾಳು, ಕ್ಯೂಬಾದಲ್ಲಿ ಹಸಿರು ಕಾಯಿ. ಒಣಕಾಳಿಗೆ ಕ್ಯೂಬನ್ನರು ಹೇಳುವುದು ‘ಫ್ರಿಹೋಲ್’.

ಇನ್ನು ‘ಅಕ್ಕಿ ಮತ್ತು ಬೀನ್ಸ್’ ಎಂಬ ಜೋಡಣೆಯೇ ಕನ್ನಡದ್ದಲ್ಲ. ತಟ್ಟೆಯ ಮೇಲಿರುವುದು ಅಕ್ಕಿಯಲ್ಲ, ಅನ್ನ; ಅನ್ನ ಸಾರು, ಮುದ್ದೆ ಉಪ್ಸಾರು, ರೊಟ್ಟಿ ಪಲ್ಯ ಎನ್ನುವ ನಾವು ನಡುವೆ ‘ಮತ್ತು’ ಹಾಕುವುದೂ ಇಲ್ಲ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕ್ಯೂಬಾದ ಮನೆಗಳಲ್ಲಿ ಬಿಳಿಯ ಅನ್ನವನ್ನೂ ಗಟ್ಟಿ ಸಾರಿನಂತಹ ಕಾಳನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಮಾಡಿ ಒಂದರ ಮೇಲೊಂದು ಬಡಿಸುವುದುಂಟು; ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುವುದೂ ಉಂಟು. ಮೊದಲನೆಯದಕ್ಕೆ ‘ಅನ್ನ ಕಾಳು’ ಸಾಕು. ಎರಡನೆಯದು ಬೇರೆಯೇ ಭಕ್ಷ್ಯ, ಅದರ ಹೆಸರು ‘ಮೋರೊಸ್ ಇ ಕ್ರಿಸ್ತಿಯಾನೊಸ್’. ಕರಿಯ ಕಾಳು ‘ಮೂರರು’, ಅಂದರೆ ಉತ್ತರ ಆಫ್ರಿಕದಿಂದ ಬಂದ ಮುಸ್ಲಿಮರು, ಬಿಳಿಯ ಅಕ್ಕಿ ಕ್ರೈಸ್ತರು, ಸ್ಪೇನಿನ ನೆಲದಲ್ಲಿ ಇವರಿಬ್ಬರೂ ಶತಮಾನಗಳ ಕಾಲ ಕಾದಾಡಿದ ನೆನಪು ಈ ಹೆಸರಿನಲ್ಲಿ ಉಳಿದಿದೆ. ದ್ವೀಪದ ಪೂರ್ವ ಭಾಗದಲ್ಲಿ ಕೆಂಪು ಕಾಳು ಹಾಕಿ ಮಾಡುವುದಕ್ಕೆ ‘ಕೊಂಗ್ರಿ’ ಎನ್ನುತ್ತಾರೆ. ಹೈಟಿಯ ಮಾತಿನಲ್ಲಿ ಕಾಳಿಗಿದ್ದ ‘ಕೊಂಗೊ’ ಎಂಬ ಹೆಸರೂ ಫ್ರೆಂಚಿನಿಂದ ಬಂದ ‘ರಿ’, ಅಂದರೆ ಅಕ್ಕಿ, ಎಂಬುದೂ ಸೇರಿ ಆ ಪದವಾಯಿತು ಎಂಬ ವಿವರಣೆ ಪ್ರಚಲಿತವಾಗಿದೆ. ಇವುಗಳನ್ನು ಅನುವಾದಿಸದೆ ಹಾಗೆಯೇ ಇಟ್ಟು, ಪಕ್ಕದಲ್ಲಿ ‘ಕಾಳನ್ನ’ ಎಂದು ಅರ್ಥ ಬರೆದಿದ್ದೇನೆ. ‘ಕಾಳುಬಾತ್’ ಎಂದರೆ ನಮ್ಮ ಮಸಾಲೆಯ ವಾಸನೆ ಬಂದುಬಿಡುತ್ತದೆ.

ಇದೇ ಭಕ್ಷ್ಯದಲ್ಲಿ ಕನ್ನಡವೇ ಮೇಲುಗೈಯಾಗುವ ಒಂದು ಜಾಗವೂ ಇದೆ. ಕಾಳು ಬೆಂದ ಕಪ್ಪು ನೀರನ್ನು ಚೆಲ್ಲದೆ, ಅದರಲ್ಲಿಯೇ ಅಕ್ಕಿ ಬೇಯಿಸಬೇಕು. ಅನ್ನಕ್ಕೆ ಆ ಕಂದುಗಪ್ಪು ಬಣ್ಣ ಬರುವುದು ಅದರಿಂದಲೇ. ಇಂಗ್ಲಿಷಿನಲ್ಲಿ ಇದಕ್ಕೆ ‘ಬೇಯಿಸಿದ ದ್ರವ’ ಎಂದು ಸುತ್ತಿ ಬಳಸಿ ಹೇಳುತ್ತಾರೆ. ನಮಗೆ ‘ಕಟ್ಟು’ ಎಂಬ ಎರಡಕ್ಷರದ ಪದವಿದೆ. ‘ಕಟ್ಟು ಬಸಿದಿಟ್ಟುಕೊಂಡು ಅದರಲ್ಲೇ ಅಕ್ಕಿ ಹಾಕು’ ಎಂದು ಬರೆದಾಗ, ಹುರುಳಿ ಕಟ್ಟಿನ ಸಾರು ಉಂಡು ಬೆಳೆದ ತಂಗಿಗೆ ಮತ್ತೇನೂ ಹೇಳಬೇಕಾಗಲಿಲ್ಲ.

‘ಸೊಫ್ರಿತೊ’ವನ್ನು ಹಲವರು ‘ಕ್ಯೂಬಾದ ಒಗ್ಗರಣೆ’ ಎಂದು ಬರೆಯುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆಮೆಣಸಿನಕಾಯಿಗಳನ್ನು ಸಣ್ಣ ಉರಿಯಲ್ಲಿ ಎಣ್ಣೆಯೊಡನೆ ಮೆತ್ತಗಾಗುವವರೆಗೆ ಇಡುವುದು ಸೊಫ್ರಿತೊ. ಅಲ್ಲಿ ಸಿಡಿಯುವುದೂ ಇಲ್ಲ, ಚಟಪಟವೂ ಇಲ್ಲ. ಆ ಕ್ರಿಯೆಗೆ ‘ಬಾಡಿಸು’ ಎಂಬುದೇ ಸರಿಯಾದ ಪದ. (ಮಾಂಸದ ಅಡುಗೆಯ ಬರವಣಿಗೆಯಲ್ಲಿ ‘ಬಾಡು’ ಎಂಬುದಕ್ಕೆ ಹಳೆಯ ಮೈಸೂರಿನವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆಂಬುದು ನಿಜ.) ಒಗ್ಗರಣೆಗೆ ನಿಜವಾಗಿ ಹತ್ತಿರವಾದದ್ದು ‘ಮೋಹೊ’, ಅಂದರೆ ಮಾಂಸವನ್ನು ನೆನೆಸಿಡುವ ಆ ಹುಳಿರಸದ ಮಿಶ್ರಣ. ಅಜ್ಜಿ ಅದನ್ನು ಮಾಡುವುದನ್ನು ನೋಡಬೇಕು. ಮರದ ಕುಟ್ಟಾಣಿಯಲ್ಲಿ ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿಯನ್ನು ಉಪ್ಪು, ಜೀರಿಗೆಗಳೊಡನೆ ಜಜ್ಜಿ, ಒಣಗಿದ ಒರೆಗಾನೊ ಉದುರಿಸಿ, ಕಾದ ಎಣ್ಣೆಯನ್ನು ಅದರ ಮೇಲೆ ಸುರಿಯುತ್ತಾರೆ. ಚುಯ್ ಎಂದು ಸದ್ದಾಗಿ ಬೆಳ್ಳುಳ್ಳಿಯ ಅಂಚು ಹೊಂಬಣ್ಣಕ್ಕೆ ತಿರುಗಿದ ಕ್ಷಣವೇ ಹುಳಿರಸ ಹುಯ್ದು ತಣಿಸುತ್ತಾರೆ. ಇಂಗ್ಲಿಷ್ ಕಾಗುಣಿತ ನೋಡಿ ಇದನ್ನು ‘ಮೋಜೊ’ ಎಂದು ಬರೆಯುವವರಿದ್ದಾರೆ. ಸ್ಪ್ಯಾನಿಷಿನ ‘j’ ಅಕ್ಷರಕ್ಕೆ ಉಚ್ಚಾರ ಹಕಾರಕ್ಕೆ ಹತ್ತಿರ, ಹಾಗಾಗಿ ಊಟ ಎಷ್ಟೇ ಮೋಜಿನದಾದರೂ ಬರೆಯಬೇಕಾದದ್ದು ಮೋಹೊ. ಒರೆಗಾನೊಗೆ ‘ದೊಡ್ಡಪತ್ರೆ’ ಎನ್ನಬಾರದು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದೊಡ್ಡಪತ್ರೆಗೆ ಇಂಗ್ಲಿಷಿನಲ್ಲಿ ‘ಕ್ಯೂಬನ್ ಒರೆಗಾನೊ’ ಎಂಬ ಹೆಸರಿರುವುದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಎರಡೂ ತುಳಸಿಯ ಕುಟುಂಬದವೇ ಆದರೂ ಗಿಡಗಳು ಬೇರೆ, ಘಾಟೂ ಬೇರೆ.

ಮೋಹೊಗೆ ಬೇಕಾದ ಹುಳಿರಸ ‘ನರಾಂಹ ಆಗ್ರಿಯ’ ಎಂಬ ಹಣ್ಣಿನದು, ಅಂದರೆ ಹುಳಿಕಿತ್ತಳೆಯದು. ಸಿಗದಿದ್ದಲ್ಲಿ ಎರಡು ಪಾಲು ಕಿತ್ತಳೆ ರಸಕ್ಕೆ ಒಂದು ಪಾಲು ನಿಂಬೆರಸ ಬೆರೆಸುವುದು ಮಯಾಮಿಯ ಮನೆಗಳ ರೂಢಿ. ನಮ್ಮಲ್ಲಿ ಹೇರಳೆಕಾಯಿ, ಕಂಚಿಕಾಯಿ, ಗಜನಿಂಬೆ ಎಂಬ ಹೆಸರುಗಳು ಊರಿನಿಂದೂರಿಗೆ ಹಣ್ಣು ಬದಲಿಸುವುದರಿಂದ, ಅವುಗಳಲ್ಲಿ ಯಾವುದನ್ನು ಬರೆದರೂ ಒಂದು ಕಡೆಯವರಿಗೆ ಸರಿಯಾಗಿ ಮತ್ತೊಂದು ಕಡೆಯವರಿಗೆ ತಪ್ಪುತ್ತದೆ. ನನಗೆ ಹೊಳೆದದ್ದು ‘ನಾರಂಗ’. ಸಂಸ್ಕೃತದ ನಾರಂಗವೇ ಪಾರಸಿಯಲ್ಲಿ ನಾರಂಗ್, ಅರಬಿಯಲ್ಲಿ ನಾರಂಜ್ ಆಗಿ, ಅರಬರ ಜೊತೆ ಸ್ಪೇನ್ ಸೇರಿ ನರಾಂಹ ಆಯಿತು. ಅರಬರು ಅಲ್ಲಿಗೆ ಒಯ್ದದ್ದೂ ಹುಳಿಯ ಹಣ್ಣನ್ನೇ. ಸಿಹಿ ಕಿತ್ತಳೆ ಯುರೋಪಿನಲ್ಲಿ ಬಳಕೆಗೆ ಬಂದದ್ದು ಅದಕ್ಕಿಂತ ಎಷ್ಟೋ ತಡವಾಗಿ. ಸಿಹಿಯದಕ್ಕೆ ಕಿತ್ತಳೆ ಎಂಬ ಹೆಸರು ನಮ್ಮಲ್ಲಿ ನೆಲೆನಿಂತಿರುವಾಗ, ಕಾವ್ಯಗಳಲ್ಲಿ ಮಾತ್ರ ಉಳಿದಿರುವ ನಾರಂಗವನ್ನು ಹುಳಿಯದಕ್ಕೆ ಮೀಸಲಿಡಬಹುದಲ್ಲವೇ? ಅಂಗಡಿಯಲ್ಲಿ ಕೇಳಿದರೆ ಯಾರಿಗೂ ತಿಳಿಯದು ಎಂಬ ಆಕ್ಷೇಪಣೆಯನ್ನು ನಾನೇ ಮೇಲೆ ತಿಂಗಳವರೆಯ ವಿಷಯದಲ್ಲಿ ಎತ್ತಿದ್ದೇನೆ. ಆದರೆ ಆ ಹಣ್ಣೇ ಅಂಗಡಿಗೆ ಬಾರದಿರುವಾಗ ಆ ಆಕ್ಷೇಪಣೆಗೆ ಅಷ್ಟು ಬಲವಿಲ್ಲ.

ಕೊನೆಯದು, ಮಾಂಸದ ಹೆಸರು. ಡಿಸೆಂಬರ್ 24ರ ರಾತ್ರಿ ಕ್ಯೂಬನ್ನರು ಇಡಿಯ ಹಂದಿಯನ್ನೇ ಸುಟ್ಟು ಉಣ್ಣುತ್ತಾರೆ. ಅದು ‘ಲೆಚೋನ್ ಅಸಾದೊ’. ಲೆಚೋನ್ ಹುಟ್ಟಿದ್ದು ಹಾಲು ಎಂಬ ಅರ್ಥದ ‘ಲೆಚೆ’ಯಿಂದ, ಎಂದರೆ ಹಾಲು ಕುಡಿಯುವ ಮರಿ. ಆದರೆ ಬಳಕೆಯಲ್ಲಿ ಬೆಳೆದ ಹಂದಿಗೂ, ಮನೆಯ ಓವನ್‌ನಲ್ಲಿಡುವ ಎರಡೂವರೆ ಕೆ.ಜಿ. ಭುಜದ ತುಂಡಿಗೂ ಅದೇ ಹೆಸರು ಸಲ್ಲುತ್ತದೆ, ಆದ್ದರಿಂದ ‘ಹಂದಿಮರಿ’ ಎಂದು ಮೂಲಾರ್ಥ ಹಿಡಿದು ಬರೆಯುವುದು ತಪ್ಪು. ಹಂದಿಯ ಮಟ್ಟಿಗೆ ಕೊರತೆಯಿಲ್ಲ. ಹಳಗನ್ನಡದ ಪಂದಿ ನಮ್ಮಲ್ಲಿ ಹಂದಿಯಾಯಿತು, ಕೊಡವರಲ್ಲಿ ಪಂದಿಯಾಗಿಯೇ ಉಳಿದಿದೆ, ಅವರು ಕಾಚಂಪುಳಿಯ ಹುಳಿ ಹಾಕುವ ಕಡೆ ಕ್ಯೂಬನ್ನರು ನಾರಂಗ ಹಿಂಡುತ್ತಾರೆ.

ತೊಡಕಾಗಿರುವುದು ‘ಅಸಾದೊ’. ಪಾತ್ರೆಯನ್ನು ಮುಚ್ಚಿ 160 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಮಾರು ನಾಲ್ಕು ಗಂಟೆ ಇಟ್ಟು, ಮಾಂಸ ಬೆರಳಲ್ಲಿ ಹಿಸುಕಿದರೆ ಎಳೆಯೆಳೆಯಾಗಿ ಬಿಡುವಂತಾದ ಮೇಲೆ ಮುಚ್ಚಳ ತೆಗೆದು ಕಾವು ಏರಿಸಿ, ಮೇಲಿನ ಚರ್ಮ ಹಪ್ಪಳದಂತೆ ಗರಿಗರಿಯಾಗುವವರೆಗೆ ಬಿಡುವ ಈ ಇಡೀ ಕೆಲಸಕ್ಕೆ ಕನ್ನಡದ ಒಂದು ಕ್ರಿಯಾಪದ ಬೇಕು. ‘ಹುರಿ’ ಎಂದರೆ ಬಾಣಲೆ ಬರುತ್ತದೆ, ‘ಬೇಯಿಸು’ ಎಂದರೆ ನೀರು ಬರುತ್ತದೆ, ‘ಸುಡು’ ಎಂದರೆ ಬದನೆಕಾಯಿಯಂತೆ ನೇರ ಕೆಂಡದ ಮೇಲಿಟ್ಟ ಹಾಗಾಗುತ್ತದೆ, ‘ಬೇಕ್ ಮಾಡು’ ಎಂದರೆ ತಂಗಿಗೆ ಕೇಕು ನೆನಪಾಗುತ್ತದೆ. ಸದ್ಯ ‘ಕಾವಿನಲ್ಲಿ ಬೇಯಿಸು’ ಎಂದು ಬರೆದು ಕಳುಹಿಸಿದ್ದೇನೆ. ಕಲ್ಲು ಕಾಯಿಸಿ ಗುಂಡಿಯಲ್ಲಿ ಮುಚ್ಚಿಟ್ಟು ಮಾಂಸವನ್ನೋ ಗೆಣಸನ್ನೋ ಬೇಯಿಸುವ ಪದ್ಧತಿಯನ್ನು ನಿಮ್ಮ ಕಡೆ ಕಂಡಿದ್ದರೆ, ಆ ಕೆಲಸಕ್ಕೆ ಅಲ್ಲಿನವರು ಬಳಸುವ ಕ್ರಿಯಾಪದ ಯಾವುದು?