ಬಟನ್ ಮೇಲೆ ಯಾವ ಪದವಿರಬೇಕು: ಒಪ್ಪಿಗೆಯೋ, ಸಮ್ಮತಿಯೋ, ಅನುಮತಿಯೋ?

ಬಲ್ಲವರೆಲ್ಲರಿಗೂ ನಮಸ್ಕಾರ.

ಹಾಲು ಉತ್ಪಾದಕರ ಸಂಘವೊಂದರ ಮೊಬೈಲ್ ಆ್ಯಪ್‌ಗೆ ಕನ್ನಡ ಪಠ್ಯ ಸಿದ್ಧಪಡಿಸುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂದಿತ್ತು. ಸದಸ್ಯರ ವೈಯಕ್ತಿಕ ಮಾಹಿತಿಯನ್ನು ಬಳಸಿಕೊಳ್ಳುವ ಮೊದಲು ತೋರಿಸಬೇಕಾದ ಸೂಚನೆ ಒಂದು ಪುಟದಷ್ಟಿತ್ತು. ಅದು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಅದರ ಕೆಳಗಿನ ಎರಡು ಬಟನ್‌ಗಳು ಮಾತ್ರ ಮೂರು ದಿನ ತಿಂದವು. ಇಂಗ್ಲಿಷ್ ಮೂಲದಲ್ಲಿ ಎಲ್ಲ ಕಡೆಯೂ 'ಕನ್ಸೆಂಟ್' ಎಂದೇ ಇದ್ದುದು ನನ್ನ ಮೊದಲ ಕರಡಿನಲ್ಲಿ ಒಂದು ಪರದೆಯಲ್ಲಿ ಒಪ್ಪಿಗೆ, ಇನ್ನೊಂದರಲ್ಲಿ ಸಮ್ಮತಿ, ಮತ್ತೊಂದರಲ್ಲಿ ಅನುಮತಿ ಎಂದಾಗಿತ್ತು. ತಪ್ಪು ನನ್ನದೇ. ಆದರೆ ತಿದ್ದಲು ಕುಳಿತಾಗ, ಯಾವುದಕ್ಕೆ ತಿದ್ದಬೇಕು ಎಂಬುದೇ ತಿಳಿಯದೆ ಹೋಯಿತು.

ಈ ಪದಕ್ಕೆ ಈಗ ಕಾನೂನಿನ ಭಾರವೂ ಇದೆ. 2023ರ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 6ನೆಯ ಪ್ರಕರಣ (ಸೆಕ್ಷನ್), ಕನ್ಸೆಂಟ್ ಕೇಳುವ ಬರಹ ಸ್ಪಷ್ಟವಾದ ಸರಳ ಭಾಷೆಯಲ್ಲಿರಬೇಕೆಂದೂ, ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಿಕೊಳ್ಳುವ ಆಯ್ಕೆ ಇರಬೇಕೆಂದೂ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇರುವುದರಿಂದ, ಇದುವರೆಗೆ ಅನುವಾದಕರ ಮರ್ಜಿಗೆ ಬಿಟ್ಟಿದ್ದ ಪದ ಇನ್ನು ಮುಂದೆ ವ್ಯಾಜ್ಯಗಳಲ್ಲೂ ಓದಿಸಿಕೊಳ್ಳಬೇಕಾಗುತ್ತದೆ. ಕಾಯ್ದೆಯ ಹಿಂದಿರುವುದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ 2017ರ ಆಗಸ್ಟ್ 24ರ ತೀರ್ಪು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹಕ್ಕನ್ನು ಕೇಳಿ ಪಡೆದವರು ಕನ್ನಡಿಗರಾಗಿರುವಾಗ ಅದರ ಬಟನ್‌ಗೊಂದು ಕನ್ನಡ ಪದ ಸಿಗದೆ ಹೋದೀತೇ ಎಂಬ ಹಟವೂ ನನಗಿದೆ.

ಮೊದಲು ಅನುಮತಿ. ಶಾಲೆ ಬಿಟ್ಟು ಬೇಗ ಹೋಗಲು ಮೇಷ್ಟರ ಅನುಮತಿ, ಮೆರವಣಿಗೆಗೆ ಪೊಲೀಸರ ಅನುಮತಿ, ಮನೆ ಕಟ್ಟಲು ಪಂಚಾಯಿತಿಯ ಅನುಮತಿ. ಕೊಡುವವರು ಮೇಲೆ, ಕೇಳುವವರು ಕೆಳಗೆ. ಬಳಕೆದಾರರೇ ಕೊಡುವವರಾದ್ದರಿಂದ ಇದೇ ಸರಿಯಾದ ಪದ ಎಂದು ಒಮ್ಮೆ ಅನ್ನಿಸಿದ್ದುಂಟು. ಆದರೆ ಕ್ಯಾಮೆರಾ, ಮೈಕ್, ಫೋಟೋಗಳನ್ನು ಮುಟ್ಟಲು ಆ್ಯಪ್ ಕೇಳುವಾಗ ಫೋನುಗಳು 'ಅನುಮತಿಸಿ' ಎಂದೇ ತೋರಿಸುತ್ತಿರುವುದರಿಂದ ಆ ಪದ ಯಂತ್ರದ ಬಾಗಿಲು ತೆರೆಯುವ ಕೆಲಸಕ್ಕೆ ನೆಲೆಯಾಗಿಬಿಟ್ಟಿದೆ. ಅದನ್ನು ಅಲ್ಲಿಯೇ ಬಿಡುವುದು ಒಳ್ಳೆಯದು. ಏಕೆಂದರೆ ಇವೆರಡೂ ಬೇರೆಯೆಂದು ಕಾಯ್ದೆಯೇ ಒಂದು ದೃಷ್ಟಾಂತದಲ್ಲಿ ಕಾಣಿಸಿಕೊಟ್ಟಿದೆ: ದೂರವೈದ್ಯ ಸೇವೆಯ ಆ್ಯಪ್ ಒಂದು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನೂ ಕೇಳಿ, ಮಹಿಳೆಯೊಬ್ಬರು ಎರಡಕ್ಕೂ ಹೂಂ ಎಂದರೂ, ಆ ಪಟ್ಟಿ ಚಿಕಿತ್ಸೆಗೆ ಬೇಕಿಲ್ಲವಾದ್ದರಿಂದ ಅವರ ಕನ್ಸೆಂಟ್ ಚಿಕಿತ್ಸೆಗಷ್ಟೇ ಸೀಮಿತ. ಅಂದರೆ, ಫೋನು ಅನುಮತಿಸಿದ್ದೆಲ್ಲವೂ ಫೋನಿನ ಒಡತಿ ಒಪ್ಪಿದ್ದಾಗುವುದಿಲ್ಲ.

ಇನ್ನು ಸಮ್ಮತಿ. ಗಾಂಭೀರ್ಯವಿದೆ, ಕಾನೂನಿನ ಪಠ್ಯಗಳಲ್ಲಿ ಬಳಕೆಯೂ ಇದೆ. ನನ್ನ ತಕರಾರು ಇರುವುದು ಅದಕ್ಕೆ ಅಂಟಿಕೊಂಡಿರುವ ಒಂದು ಗಾದೆಯ ಬಗ್ಗೆ: ಮೌನಂ ಸಮ್ಮತಿ ಲಕ್ಷಣಂ. ಸಂಸ್ಕೃತದ ಗಂಧವಿಲ್ಲದವರ ಬಾಯಲ್ಲೂ ಈ ಮಾತು ಬರುತ್ತದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ತಲೆ ತಗ್ಗಿಸಿ ಕುಳಿತವಳ ಮೇಲೂ, ಸಭೆಯಲ್ಲಿ ಎದ್ದು ನಿಲ್ಲದವರ ಮೇಲೂ ಇದನ್ನು ಹೇರಿದ್ದೇವೆ. ಕಾಯ್ದೆ ಕೇಳುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು. ಸ್ಪಷ್ಟವಾದ, ಸಕಾರಾತ್ಮಕವಾದ ಒಂದು ಕ್ರಿಯೆ ನಡೆಯಲೇಬೇಕು. ಯುರೋಪಿನಲ್ಲಿ ಇದೇ ಪ್ರಶ್ನೆ ಪ್ಲಾನೆಟ್49 ಎಂಬ ಜರ್ಮನ್ ಲಾಟರಿ ತಾಣದ ವಿಚಾರವಾಗಿ ಬಂದಾಗ, ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಬಳಕೆದಾರರು ತೆಗೆಯದೆ ಬಿಟ್ಟರು ಎಂಬುದು ಕುಕೀಗಳಿಗೆ (ತಾಣಗಳು ನಮ್ಮ ಸಾಧನದಲ್ಲಿ ಇರಿಸುವ ಪುಟ್ಟ ಗುರುತಿನ ಕಡತಗಳಿಗೆ) ಕೊಟ್ಟ ಒಪ್ಪಿಗೆಯಾಗುವುದಿಲ್ಲ ಎಂದು ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪಿತ್ತಿತು. ಮೌನವನ್ನು ತನ್ನ ಲಕ್ಷಣವಾಗಿ ಹೊತ್ತ ಪದವನ್ನೇ, ಮೌನ ಸಾಲದು ಎನ್ನುವ ನಿಯಮಕ್ಕೆ ಹೆಸರಾಗಿಡುವುದು ಹೇಗೆ?

ನಮ್ಮ ಕಾಯ್ದೆಯೂ ಮೌನವನ್ನು ಪೂರ್ತಿ ಹೊರಗಿಟ್ಟಿಲ್ಲ ಎಂದು ಯಾರಾದರೂ ನೆನಪಿಸಬಹುದು. 2022ರ ಕರಡಿನಲ್ಲಿ 'ಡೀಮ್ಡ್ ಕನ್ಸೆಂಟ್', ಅಂದರೆ ಕೊಟ್ಟಂತೆಯೇ ಎಂದು ಭಾವಿಸುವ ಒಪ್ಪಿಗೆ, ಎಂಬುದೊಂದು ಇತ್ತು; 2023ರಲ್ಲಿ ಆ ಹೆಸರು ಹೋಗಿ 7ನೆಯ ಪ್ರಕರಣದಲ್ಲಿ 'ಕೆಲವು ನ್ಯಾಯಸಮ್ಮತ ಬಳಕೆಗಳು' ಎಂಬರ್ಥದ ಶೀರ್ಷಿಕೆ ಬಂತು. ಔಷಧದಂಗಡಿಯಲ್ಲಿ ರಸೀದಿಗಾಗಿ ತಾವಾಗಿಯೇ ನಂಬರು ಕೊಟ್ಟು, ಬೇಡವೆಂದು ಹೇಳದೆ ಇದ್ದರೆ, ರಸೀದಿ ಕಳಿಸುವ ಮಟ್ಟಿಗೆ ಅದನ್ನು ಬಳಸಬಹುದು. ನನ್ನ ದೃಷ್ಟಿಯಲ್ಲಿ ಇದು ನನ್ನ ವಾದವನ್ನೇ ಬಲಪಡಿಸುತ್ತದೆ: ಮೌನಕ್ಕೆ ಬೇರೆಯ ಮನೆ ಕಟ್ಟಿಕೊಟ್ಟ ಮೇಲೆ 6ನೆಯ ಪ್ರಕರಣದ ಪದ ಬಾಯಿಬಿಟ್ಟು ಹೇಳಿದ್ದನ್ನೇ ಸೂಚಿಸಬೇಕು.

ಹಾಗಾಗಿ ನನ್ನ ಒಲವು ಒಪ್ಪಿಗೆಯ ಕಡೆಗೆ. ಇದರ ಬಳಗ ದೊಡ್ಡದು. ಈ ಸೀರೆ ನಿನಗೆ ಒಪ್ಪುತ್ತದೆ ಎನ್ನುವಲ್ಲಿ ಹೊಂದಿಕೆ, ಒಪ್ಪ ಓರಣದಲ್ಲಿ ಅಂದ, ಒಪ್ಪಂದದಲ್ಲಿ ಇಬ್ಬರ ಮಾತು, ತಪ್ಪೊಪ್ಪಿಗೆಯಲ್ಲಿ ನಿವೇದನೆ. ಒಪ್ಪಿಸು ಎಂಬ ರೂಪವೊಂದೇ ಇಲ್ಲಿ ಕಾಟ ಕೊಡುವುದು. ಪಾಠ ಒಪ್ಪಿಸುವುದು, ಲೆಕ್ಕ ಒಪ್ಪಿಸುವುದು ಎಂದರೆ ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಕೊಡುವುದು. ಮಾಹಿತಿಗೆ ಒಪ್ಪಿಗೆ ಕೊಡುವುದು ಬೇರೆ, ಮಾಹಿತಿಯನ್ನೇ ಒಪ್ಪಿಸಿಬಿಡುವುದು ಬೇರೆ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆಯುವ ಅರಿಸಮಾಸದ ಅಂಜಿಕೆ ನನಗಿಲ್ಲ, 'ಒಪ್ಪಿಗೆ ಪತ್ರ' ಎಂದೋ ರೂಢಿಗೆ ಬಂದಾಗಿದೆ. ಕಾಯ್ದೆಯ ಐದು ವಿಶೇಷಣಗಳನ್ನು 'ಮುಕ್ತ, ನಿರ್ದಿಷ್ಟ, ಮಾಹಿತಿಯುಕ್ತ, ಷರತ್ತುರಹಿತ, ಅಸಂದಿಗ್ಧ ಸಮ್ಮತಿ' ಎಂದು ಪೋಣಿಸಿದಾಗ ಉಸಿರು ಕಟ್ಟುತ್ತದೆ. 'ಯಾರ ಒತ್ತಾಯವೂ ಇಲ್ಲದೆ, ಇಂಥದೇ ಕೆಲಸಕ್ಕೆಂದು, ವಿಷಯ ತಿಳಿದುಕೊಂಡು, ಷರತ್ತಿಗೆ ಕಟ್ಟುಬೀಳದೆ, ಎರಡರ್ಥಕ್ಕೆ ಎಡೆಯಿಲ್ಲದಂತೆ ಕೊಟ್ಟ ಒಪ್ಪಿಗೆ' ಎಂದರೆ ಉದ್ದವಾಯಿತು ನಿಜ, ಆದರೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೂ ತಿಳಿಯುತ್ತದೆ.

ಪದ ಸಿಕ್ಕರೂ ಬಟನ್ ಮುಗಿಯಲಿಲ್ಲ. ಇಂಗ್ಲಿಷಿನ 'ಅಗ್ರೀ'ಗೆ ಕರ್ತೃವಿನ ಗುರುತಿಲ್ಲ. ಕನ್ನಡದ ಕ್ರಿಯಾಪದ ಆಡುವವರು ಯಾರೆಂದು ಹೇಳದೆ ಬಿಡುವುದಿಲ್ಲ. 'ಒಪ್ಪಿಕೊಳ್ಳಿ', 'ಸಮ್ಮತಿಸಿ', 'ಸ್ವೀಕರಿಸಿ' ಇವೆಲ್ಲ ವಿಧಿರೂಪಗಳು. ಮರ್ಯಾದೆಯ ಬಹುವಚನ ಹಾಕಿದರೂ ಅದು ಆ್ಯಪ್ ಬಳಕೆದಾರರಿಗೆ ಕೊಡುವ ಅಪ್ಪಣೆ. 'ಒಪ್ಪುತ್ತೇನೆ' ಎಂದರೆ ಬಳಕೆದಾರರದೇ ಮಾತು.

ಎರಡನೆಯ ಬಟನ್‌ಗೆ ನಾನು ರೂಢಿಯಂತೆ 'ತಿರಸ್ಕರಿಸಿ' ಎಂದು ಬರೆದಿದ್ದೆ. ಪರೀಕ್ಷೆಗೆಂದು ಸಂಘದ ಸದಸ್ಯೆಯೊಬ್ಬರ ಕೈಗೆ ಫೋನು ಕೊಟ್ಟಾಗ, ಅರವತ್ತು ದಾಟಿದ ಆ ಹೆಂಗಸು ಬೆರಳನ್ನು ಗಾಜಿನ ಮೇಲೆಯೇ ಎತ್ತಿ ಹಿಡಿದು, "ಅಲ್ಲಾ ಸಾರ್, ತಿರಸ್ಕರಿಸಿ ಅಂತ ಒತ್ತಿದ್ರೆ ನಾಳೆಯಿಂದ ನಮ್ಮ ಹಾಲು ತಗೊಳ್ಳಲ್ವಾ?" ಎಂದು ಕೇಳಿದರು. ತಿರಸ್ಕಾರದಲ್ಲಿ ಬೇಡವೆನ್ನುವುದಕ್ಕಿಂತ ಹೆಚ್ಚಾಗಿ ಅವಮಾನವಿದೆ. ಕೊಡುಕೊಳ್ಳುವ ಸಂಬಂಧವಿರುವವರನ್ನು ಯಾರೂ ಸುಮ್ಮನೆ ತಿರಸ್ಕರಿಸುವುದಿಲ್ಲ. ನಾನು ಅದನ್ನು ಅಳಿಸಿ 'ಬೇಡ' ಎಂದು ಹಾಕಿದೆ. ಅವರು ಕ್ಷಣವೂ ತಡೆಯದೆ ಒತ್ತಿದರು.

ಈಗ ಉಳಿದಿರುವ ತೊಡಕನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕೊಟ್ಟದ್ದನ್ನು ವಾಪಸು ಪಡೆಯುವುದು ಕೊಟ್ಟಷ್ಟೇ ಸುಲಭವಾಗಿರಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ 'ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುತ್ತೇನೆ' ಎಂದು ಬರೆದರೆ ನನ್ನ ಕಿವಿಗೆ ಕೊಟ್ಟ ಮಾತಿಗೆ ತಪ್ಪಿದಂತೆ ಕೇಳುತ್ತದೆ. 'ಹಿಂಪಡೆಯುತ್ತೇನೆ' ತುಸು ವಾಸಿ, ಆದರೆ ಬ್ಯಾಂಕಿನಿಂದ ಠೇವಣಿ ತೆಗೆದಂತಿದೆ. ಸದ್ಯಕ್ಕೆ 'ಇನ್ನು ಒಪ್ಪಿಗೆಯಿಲ್ಲ' ಎಂದು ಬರೆದಿಟ್ಟಿದ್ದೇನೆ. ನಿಮ್ಮ ಕಡೆ, ಧಾರವಾಡದ ಸೀಮೆಯಲ್ಲಾಗಲಿ, ಕರಾವಳಿಯಲ್ಲಾಗಲಿ, ಒಮ್ಮೆ ಹೂಂ ಎಂದವರು ಆಮೇಲೆ ತಪ್ಪಿತಸ್ಥರಾಗದೆ ಬೇಡ ಎನ್ನಲು ಯಾವ ಮಾತನ್ನು ಬಳಸುತ್ತಾರೆ?